ಹಿತ್ತಾಳೆಯ ಹಲ್ಲು, ಉಕ್ಕಿನ ಹಲ್ಲು

ಲೈಕಾ ಎಂ3 ಕ್ಯಾಮೆರಾದಲ್ಲಿ ಫಿಲ್ಮ್ ಮುಂದೂಡುವ ಪುಟ್ಟ ಲಿವರೊಂದಿದೆ. ಅದನ್ನು ಹೆಬ್ಬೆರಳಿನಿಂದ ತಳ್ಳಿದಾಗ ಒಳಗೆ ಒಟ್ಟೊಟ್ಟಿಗೆ ನಾಲ್ಕಾರು ಕೆಲಸ ನಡೆಯುತ್ತವೆ. ಫಿಲ್ಮ್ ಒಂದು ಫ್ರೇಮಿನಷ್ಟು ಸರಿಯುತ್ತದೆ. ಶಟರಿನ ಎರಡು ಬಟ್ಟೆ ಪರದೆಗಳು ಸ್ಪ್ರಿಂಗಿನ ಎಳೆತಕ್ಕೆ ಎದುರಾಗಿ ಸುತ್ತಿಕೊಳ್ಳುತ್ತವೆ. ಎಷ್ಟು ಚಿತ್ರ ಆಯಿತೆಂದು ತೋರಿಸುವ ಬಿಲ್ಲೆ ಒಂದು ಗೆರೆ ದಾಟುತ್ತದೆ. ಕೈಗೆ ತಿಳಿಯುವುದು ಮಾತ್ರ ಎಲ್ಲೂ ತಡೆಯದ, ಎಲ್ಲೂ ಜಾರದ, ಮೊದಲಿಂದ ಕೊನೆಯವರೆಗೆ ಒಂದೇ ಹದದ ಚಲನೆ. ಅದೇ ಕಂಪನಿಯ, ಹೆಚ್ಚುಕಡಿಮೆ ಅದೇ ಆಕಾರದ, 1970ರ ದಶಕದ ಕೊನೆಯ ಎಂ4-2 ಕ್ಯಾಮೆರಾವನ್ನು ಪಕ್ಕದಲ್ಲಿಟ್ಟು ಲಿವರ್ ತಳ್ಳಿ ನೋಡಿದರೆ ಬೆರಳಿಗೆ ಸಣ್ಣದೊಂದು ಒರಟು ತಾಗುತ್ತದೆ. ಕೆಲಸದಲ್ಲಿ ಕೊರತೆಯಿಲ್ಲ, ತೆಗೆದ ಚಿತ್ರದಲ್ಲಿ ವ್ಯತ್ಯಾಸವಿಲ್ಲ. ಆದರೂ ಆ ಒರಟು ಇರುವುದಂತೂ ನಿಜ.

ಆ ಸಣ್ಣ ಒರಟಿನ ಸುತ್ತ ದೊಡ್ಡ ಕಥೆಯೊಂದು ಬೆಳೆದಿದೆ. ಫಿಲ್ಮ್ ಕ್ಯಾಮೆರಾ ಪ್ರಿಯರು ಸೇರಿದಲ್ಲೆಲ್ಲ ಅದನ್ನು ಕೇಳಬಹುದು. 1954ರ ಎಂ3 ಶಿಖರ, 1967ರ ಎಂ4 ಆ ಎತ್ತರದಲ್ಲಿ ಉಳಿದ ಕೊನೆಯದು, ಆಮೇಲಿನದೆಲ್ಲ ಇಳಿಜಾರು ಎಂಬುದು ಆ ಕಥೆ. ಹಳೆಯದು ಗಟ್ಟಿ, ಹೊಸದು ಟೊಳ್ಳು ಎಂಬ ನಂಬಿಕೆ ನಮ್ಮಲ್ಲಿ ಎಲ್ಲ ವಸ್ತುಗಳ ಬಗೆಗೂ ಇದೆ, ಹಾಗಾಗಿ ಇದು ಸಲೀಸಾಗಿ ಮನಸ್ಸಿಗೆ ಇಳಿಯುತ್ತದೆ. ಕ್ಯಾಮೆರಾಗಳನ್ನು ಬಿಚ್ಚಿ ನೋಡಿದರೆ ಮಾತ್ರ ವಿಷಯ ಇಷ್ಟು ಸರಳವಲ್ಲ ಎಂದು ತಿಳಿಯುತ್ತದೆ. ಕೆಲವು ಕಡೆ ನಿಜವಾಗಿಯೂ ಗುಣಮಟ್ಟ ಇಳಿದಿದೆ, ಕೆಲವು ಕಡೆ ಏರಿದೆ. ಇನ್ನು ಕೆಲವು ಕಡೆ ಕೈಗೆ ಒರಟೆನಿಸುವುದೇ ಒಳಗೆ ಹೆಚ್ಚು ಗಟ್ಟಿ. ಒಂದು ತಲೆಮಾರಿನ ಕ್ಯಾಮೆರಾ ಇನ್ನೊಂದಕ್ಕಿಂತ ಹೇಗೆ ಭಿನ್ನ ಎಂಬುದನ್ನು ಹಿತ್ತಾಳೆ, ಉಕ್ಕು, ಸತು, ಗಾಜು, ಬಟ್ಟೆಗಳ ಲೆಕ್ಕದಲ್ಲೇ ನೋಡಬೇಕು.

ಮೊದಲು ಈ ಯಂತ್ರ ಕೆಲಸ ಮಾಡುವ ಬಗೆ. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ನಾವು ಲೆನ್ಸಿನ ಮೂಲಕವೇ ನೋಡುತ್ತೇವೆ, ಕನ್ನಡಿಯೊಂದು ದೃಶ್ಯವನ್ನು ಕಣ್ಣಿಗೆ ತರುತ್ತದೆ. ಲೈಕಾ ಎಂ ಸರಣಿಯಂಥ ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ಆ ಕನ್ನಡಿ ಇಲ್ಲ. ಕ್ಯಾಮೆರಾದ ನೆತ್ತಿಯಲ್ಲಿ ಎರಡು ಕಿಟಕಿಗಳಿದ್ದು, ಒಂದರಿಂದ ದೃಶ್ಯ ಕಾಣುತ್ತದೆ. ಸ್ವಲ್ಪ ದೂರದ ಇನ್ನೊಂದು ಕಿಟಕಿಯಿಂದ ಅದೇ ದೃಶ್ಯದ ತುಣುಕೊಂದು ಬಂದು ಮೊದಲನೆಯದರ ಮಧ್ಯದಲ್ಲಿ ಮಸುಕು ಚೌಕವಾಗಿ ಕೂರುತ್ತದೆ. ಲೆನ್ಸ್ ತಿರುಗಿಸಿದಂತೆ ಅದರ ಹಿಂಭಾಗದ ಅಂಚು ಹಿಂದೆಮುಂದೆ ಸರಿದು, ಬಾಡಿಯೊಳಗಿನ ಪುಟ್ಟ ಚಕ್ರವೊಂದನ್ನು ನೂಕುತ್ತದೆ. ಆ ಚಕ್ರ ಒಂದು ತೋಳಿನ ತುದಿಯಲ್ಲಿದೆ. ತೋಳು ಅಲುಗಿದರೆ ಮಸುಕು ಚೌಕ ಅಡ್ಡಕ್ಕೆ ಜಾರುತ್ತದೆ. ಎರಡು ಚಿತ್ರ ಒಂದರ ಮೇಲೊಂದು ಕೂತಾಗ ಫೋಕಸ್ ಆಯಿತು.

ಇಲ್ಲಿ ನಮ್ಮ ಕಣ್ಣು ನೋಡುತ್ತಿರುವುದು ಫಿಲ್ಮಿನ ಮೇಲೆ ಬೀಳುವ ಚಿತ್ರವನ್ನಲ್ಲ, ಲೋಹದ ತೋಳೊಂದು ಹೇಳಿದ ಮಾತನ್ನು. ತೋಳಿನ ಕೀಲು ಒಂದಿಷ್ಟು ಸಡಿಲವಾದರೂ, ಲೆನ್ಸ್ ಕೂರುವ ಉಂಗುರ ಕೂದಲೆಳೆಯಷ್ಟು ಓರೆಯಾದರೂ ಚೌಕ ಸರಿಯಾಗಿ ಕೂತಂತೆ ಕಾಣುತ್ತದೆ, ಚಿತ್ರ ಮಾತ್ರ ಮಸುಕಾಗಿರುತ್ತದೆ. ಆ ತಪ್ಪು ಫಿಲ್ಮ್ ತೊಳೆಯುವವರೆಗೆ ತಿಳಿಯುವುದೂ ಇಲ್ಲ. ರೇಂಜ್‌ಫೈಂಡರಿನಲ್ಲಿ ಕಟ್ಟುವಿಕೆಯ ಗುಣಮಟ್ಟಕ್ಕೆ ಬೇರೆ ಕ್ಯಾಮೆರಾಗಳಲ್ಲಿ ಇಲ್ಲದ ಮಹತ್ವ ಬರುವುದು ಈ ಕಾರಣಕ್ಕೆ. ಅಂದಚೆಂದದ ಮಾತು ಆಮೇಲಿನದು. ಕ್ಯಾಮೆರಾ ಸತ್ಯ ಹೇಳುತ್ತದೆಯೋ ಇಲ್ಲವೋ ಎಂಬುದೇ ಅದನ್ನು ಎಷ್ಟು ನಿಖರವಾಗಿ ಕಟ್ಟಿದ್ದಾರೆ ಎಂಬುದರ ಮೇಲೆ ನಿಂತಿದೆ.

ವೆಟ್ಸ್‌ಲಾರ್‌ನ ಕೈಗಳು

ಜರ್ಮನಿಯ ವೆಟ್ಸ್‌ಲಾರ್ ಪಟ್ಟಣದ ಲೈಟ್ಸ್ ಕಂಪನಿ ಮೂಲತಃ ಸೂಕ್ಷ್ಮದರ್ಶಕಗಳಿಗೆ ಹೆಸರಾದದ್ದು. ಅಲ್ಲಿದ್ದ ಆಸ್ಕರ್ ಬಾರ್ನಾಕ್ ಮೊದಲ ಮಹಾಯುದ್ಧಕ್ಕೆ ತುಸು ಮುಂಚೆ ಸಿನಿಮಾ ಫಿಲ್ಮ್ ಬಳಸುವ ಅಂಗೈ ಗಾತ್ರದ ಕ್ಯಾಮೆರಾ ಒಂದನ್ನು ಮಾಡಿದ. ಅದರ ಮಾರಾಟದ ರೂಪ 1925ರಲ್ಲಿ ಲೈಪ್ಜಿಗ್ ಮೇಳದಲ್ಲಿ ಲೈಕಾ ಎಂಬ ಹೆಸರಿನಲ್ಲಿ ಹೊರಬಂತು. ರೇಂಜ್‌ಫೈಂಡರನ್ನು ಬಾಡಿಯೊಳಗೇ ಸೇರಿಸಿದ ಲೈಕಾ ಬಂದದ್ದು 1932ರಲ್ಲಿ. ಛಾಯಾಗ್ರಾಹಕ ಹೆನ್ರಿ ಕಾರ್ತಿಯೆ ಬ್ರೆಸಾನ್ 1948ರ ಜನವರಿಯಲ್ಲಿ ದೆಹಲಿಯಲ್ಲಿ ಗಾಂಧೀಜಿಯವರ ಕೊನೆಯ ದಿನಗಳನ್ನೂ ಅಂತ್ಯಯಾತ್ರೆಯನ್ನೂ ಸೆರೆಹಿಡಿದದ್ದು ಈ ಪೀಳಿಗೆಯ, ಲೆನ್ಸನ್ನು ಸ್ಕ್ರೂನಂತೆ ತಿರುಗಿಸಿ ಕೂರಿಸುವ ಲೈಕಾಗಳ ಕಾಲದಲ್ಲಿ. ಎಂ3 ಇನ್ನೂ ಹುಟ್ಟಿರಲಿಲ್ಲ. ಶ್ರೇಷ್ಠ ಚಿತ್ರಕ್ಕೆ ಶ್ರೇಷ್ಠ ಕ್ಯಾಮೆರಾವೇ ಬೇಕು ಎನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಆ ಕ್ಯಾಮೆರಾಗಳಲ್ಲಿ ಫೋಕಸಿಗೆ ಒಂದು ಕಿಂಡಿ, ಚೌಕಟ್ಟು ನೋಡಲು ಇನ್ನೊಂದು. ಫಿಲ್ಮ್ ಮುಂದೂಡಲು ಗುಂಡಿ ತಿರುಗಿಸಬೇಕು. ನಿಧಾನಗತಿಯ ಶಟರಿಗೆ ಮುಂಭಾಗದಲ್ಲಿ ಬೇರೆಯೇ ಡಯಲ್ಲು.

ಎಂ3 ಇದೆಲ್ಲವನ್ನೂ ಒಂದೇ ಸಲಕ್ಕೆ ಬದಲಿಸಿತು. ವಿಲಿ ಸ್ಟೈನ್ ನೇತೃತ್ವದ ತಂಡ ರೂಪಿಸಿದ ಈ ಕ್ಯಾಮೆರಾ 1954ರಲ್ಲಿ ಕಲೋನ್ ನಗರದ ಫೋಟೊಕಿನಾ ಮೇಳದಲ್ಲಿ ಕಾಣಿಸಿಕೊಂಡಿತು. ಒಂದೇ ಕಿಂಡಿ, ಒಂದೇ ಡಯಲ್ಲು, ಲೆನ್ಸನ್ನು ಅರೆಕ್ಷಣದಲ್ಲಿ ತಿರುಗಿಸಿ ಕೂರಿಸುವ ಬಯೊನೆಟ್, ಗುಂಡಿಯ ಬದಲು ಲಿವರ್. ಕಿಂಡಿಯಲ್ಲಿ ಬಾಹ್ಯ ಬೆಳಕಿನಿಂದಲೇ ಹೊಳೆಯುವ ಚೌಕಟ್ಟಿನ ಗೆರೆಗಳು. ಹತ್ತಿರದ ವಸ್ತುವಿಗೆ ಫೋಕಸ್ ಮಾಡಿದರೆ ಆ ಗೆರೆಗಳು ತಾವೇ ಸರಿದು ನಿಲ್ಲುತ್ತವೆ. ಕಿಂಡಿಯ ವರ್ಧನೆ ಸುಮಾರು 0.91, ಅಂದರೆ ಬರಿಗಣ್ಣಿಗೆ ಕಾಣುವ ಗಾತ್ರಕ್ಕೆ ತೀರ ಹತ್ತಿರ. ಹಾಗಾಗಿ ಎರಡೂ ಕಣ್ಣು ತೆರೆದುಕೊಂಡೇ ಚಿತ್ರ ತೆಗೆಯಬಹುದು.

ಎರಡು ಕಿಟಕಿಗಳ ನಡುವಿನ ಅಂತರವನ್ನು ಈ ವರ್ಧನೆಯಿಂದ ಗುಣಿಸಿದರೆ ಬರುವ ಸಂಖ್ಯೆಯೇ ರೇಂಜ್‌ಫೈಂಡರಿನ ನಿಜವಾದ ಸೂಕ್ಷ್ಮತೆಯ ಅಳತೆ. ಎಂ3ರಲ್ಲಿ ಅದು ಸುಮಾರು 62 ಮಿಲಿಮೀಟರ್. ನಂತರದ ಎಂ ಸರಣಿಯ ಸಾಮಾನ್ಯ ಬಾಡಿಗಳಲ್ಲಿ, ಕಿಂಡಿಯ ವರ್ಧನೆ 0.72ಕ್ಕೆ ಇಳಿದ ಕಾರಣ, 50 ಮಿಲಿಮೀಟರ್ ಆಸುಪಾಸು. ಇದನ್ನು ಗುಣಮಟ್ಟದ ಕುಸಿತ ಎನ್ನಲಾಗದು, ಏಕೆಂದರೆ 35 ಮಿ.ಮೀ. ಲೆನ್ಸಿನ ಅಗಲದ ಚೌಕಟ್ಟು ಎಂ3ರ ಕಿಂಡಿಯಲ್ಲಿ ಹಿಡಿಸುವುದೇ ಇಲ್ಲ. 1950ರ ದಶಕದ ಕೊನೆಗೆ ಬಂದ ಎಂ2ರಲ್ಲಿ ವರ್ಧನೆಯನ್ನು ಇಳಿಸಿದ್ದು ಅದಕ್ಕಾಗಿ. ಉದ್ದ ಲೆನ್ಸಿನವರಿಗೆ ಎಂ3 ಒಳ್ಳೆಯದು, ಅಗಲ ಲೆನ್ಸಿನವರಿಗೆ ಎಂ2.

ಇವನ್ನು ಹೇಗೆ ಕಟ್ಟುತ್ತಿದ್ದರು ಎಂಬುದು ಇಡೀ ವಿಷಯದ ತಿರುಳು. ಎರಕ ಹೊಯ್ದ ಅಲ್ಯೂಮಿನಿಯಂ ಚೌಕಟ್ಟು, ಹಿತ್ತಾಳೆಯ ನೆತ್ತಿಯ ತಗಡು, ಹಿತ್ತಾಳೆಯ ಗೇರುಗಳು. ಹಿತ್ತಾಳೆ ಮೆದು ಲೋಹ. ಕಡೆಯಲು ಸುಲಭ, ಉಜ್ಜಿದರೆ ನುಣುಪಾಗುತ್ತದೆ, ಗೇರಿನ ಹಲ್ಲುಗಳು ಒಂದಕ್ಕೊಂದು ಸವೆದು ಒಗ್ಗುತ್ತವೆ. ಆದರೆ ವೆಟ್ಸ್‌ಲಾರ್‌ನ ಹಿರಿಮೆ ಹಿತ್ತಾಳೆಯಲ್ಲಿ ಮಾತ್ರ ಇರಲಿಲ್ಲ. ಬಿಡಿಭಾಗಗಳನ್ನು ಸುಮ್ಮನೆ ಜೋಡಿಸದೆ, ಅಳೆದು, ತಿದ್ದಿ, ಹೊಂದಿಸುವ ಕುಶಲಕರ್ಮಿಗಳ ಪಡೆಯೇ ಅಲ್ಲಿತ್ತು. ಲೆನ್ಸ್ ಕೂರುವ ಉಂಗುರದಿಂದ ಫಿಲ್ಮ್ ಕೂರುವ ಜಾಗದವರೆಗಿನ ದೂರ ಎಂ ಕ್ಯಾಮೆರಾದಲ್ಲಿ 27.8 ಮಿ.ಮೀ. ಅಚ್ಚಿನಿಂದ ಬಂದ ಯಾವ ಚೌಕಟ್ಟೂ ತಾನಾಗಿಯೇ ಈ ಅಳತೆಯಲ್ಲಿ ಕರಾರುವಾಕ್ಕಾಗಿ ಇರುವುದಿಲ್ಲ. ಉಂಗುರದ ಅಡಿಗೆ ತೆಳು ಪದರಗಳನ್ನು ಇಟ್ಟು ಅಳತೆಗೆ ತರಬೇಕು. ರೇಂಜ್‌ಫೈಂಡರಿನ ತೋಳನ್ನು ಅನಂತ ದೂರಕ್ಕೊಮ್ಮೆ, ಹತ್ತಿರಕ್ಕೊಮ್ಮೆ ಸರಿಹೊಂದಿಸಬೇಕು, ಒಂದನ್ನು ತಿದ್ದಿದರೆ ಇನ್ನೊಂದು ಅಲುಗುವುದರಿಂದ ಮತ್ತೆ ಮತ್ತೆ ನೋಡಬೇಕು. ಶಟರಿನ ಎರಡು ಪರದೆಗಳ ಎಳೆತವನ್ನೂ ಹೀಗೆಯೇ. ಸೆಕೆಂಡಿನ ಸಾವಿರದ ಒಂದಂಶದ ವೇಗದಲ್ಲಿ ಪರದೆಗಳ ನಡುವೆ ತೆರೆಯುವ ಸೀಳು ಎರಡು ಮಿಲಿಮೀಟರಿನ ಆಸುಪಾಸು. ಒಂದು ಪರದೆ ತುಸು ಮುಂದೆ ಓಡಿದರೂ ಚಿತ್ರದ ಒಂದು ಬದಿ ಕಪ್ಪಾಗುತ್ತದೆ.

ಇಷ್ಟು ಹೇಳಿದ ಮೇಲೆ ಎಂ3ರ ದೋಷಗಳನ್ನೂ ಹೇಳಬೇಕು. ಪೂಜೆಯ ಭರದಲ್ಲಿ ಇವನ್ನು ಮರೆಯುವವರೇ ಹೆಚ್ಚು. ಅದರ ರೇಂಜ್‌ಫೈಂಡರಿನ ಗಾಜಿನ ಪಟ್ಟಕಗಳನ್ನು ಅಂಟಿಸಿದ್ದು ಬಾಲ್ಸಮ್ ಎಂಬ ಮರದ ಅಂಟಿನಿಂದ. ವಯಸ್ಸಾದಂತೆ, ಅಥವಾ ಕ್ಯಾಮೆರಾ ಒಮ್ಮೆ ಕೆಳಗೆ ಬಿದ್ದರೆ, ಆ ಅಂಟು ಬಿಟ್ಟುಕೊಂಡು ಮಸುಕು ಚೌಕ ಮಾಯವಾಗಿಬಿಡುತ್ತದೆ. ಅದನ್ನು ಸರಿಪಡಿಸುವುದು ದುಬಾರಿ, ಮಾಡಬಲ್ಲವರೂ ಕಡಿಮೆ. ಮೊದಲ ಎಂ3ಗಳಲ್ಲಿ ಫಿಲ್ಮನ್ನು ಒತ್ತಿ ಹಿಡಿಯುವ ಫಲಕ ಗಾಜಿನದಾಗಿತ್ತು, ಕೆಲವೇ ವರ್ಷಗಳಲ್ಲಿ ಅದನ್ನು ಲೋಹಕ್ಕೆ ಬದಲಿಸಿದರು. 1958ರವರೆಗೆ ಲಿವರನ್ನು ಒಂದು ಚಿತ್ರಕ್ಕೆ ಎರಡು ಸಲ ತಳ್ಳಬೇಕಿತ್ತು. ಮೈಗೆ ಹೊದಿಸಿದ ವಲ್ಕನೈಟ್ ಹಳತಾದಂತೆ ಗರಿಗರಿಯಾಗಿ ಚೂರುಚೂರಾಗಿ ಉದುರುತ್ತದೆ. ಶಿಖರದಲ್ಲೂ ಬಿರುಕುಗಳಿದ್ದವು.

ಒಂದೇ ನಕ್ಷೆ, ಎರಡು ಊರು

ಕಟ್ಟುವಿಕೆಯ ಗುಣಮಟ್ಟ ವಿನ್ಯಾಸದಲ್ಲಿದೆಯೋ, ಲೋಹದಲ್ಲಿದೆಯೋ, ಕೈಯಲ್ಲಿದೆಯೋ ಎಂಬ ಪ್ರಶ್ನೆಗೆ ಉತ್ತರ ಲೈಕಾದಲ್ಲಿ ಅಷ್ಟು ಸ್ಪಷ್ಟವಾಗಿ ಸಿಗದು. ಅದರ ಎದುರಾಳಿ ಕಾಂಟ್ಯಾಕ್ಸಿನಲ್ಲಿ ಸಿಗುತ್ತದೆ. ಚರಿತ್ರೆಯೇ ನಡೆಸಿದ ಪ್ರಯೋಗ ಅದು. ಇಷ್ಟು ನಿಚ್ಚಳವಾದ ಇನ್ನೊಂದು ನನಗೆ ಗೊತ್ತಿಲ್ಲ.

ಡ್ರೆಸ್ಡೆನ್ ನಗರದ ಝೈಸ್ ಇಕಾನ್ 1936ರಲ್ಲಿ ತಂದ ಎರಡನೆಯ ಕಾಂಟ್ಯಾಕ್ಸ್, ಫೋಕಸ್ ಮತ್ತು ಚೌಕಟ್ಟು ಎರಡನ್ನೂ ಒಂದೇ ಕಿಂಡಿಯಲ್ಲಿ ತೋರಿಸಿತು. ಲೈಕಾ ಆ ಹಂತಕ್ಕೆ ಬಂದದ್ದು 18 ವರ್ಷ ತಡವಾಗಿ. ಕಾಂಟ್ಯಾಕ್ಸಿನ ಕಿಟಕಿಗಳ ಅಂತರ ಸುಮಾರು 90 ಮಿ.ಮೀ., ಶಟರ್ ಬಟ್ಟೆಯದಲ್ಲ, ರೇಷ್ಮೆಯ ಪಟ್ಟಿಗಳಿಂದ ಬಂಧಿಸಿದ ಲೋಹದ ಹಲಗೆಗಳದು, ಮೇಲಿನಿಂದ ಕೆಳಗೆ ಓಡುವಂಥದ್ದು. ಯುದ್ಧದ ಕೊನೆಯಲ್ಲಿ ಡ್ರೆಸ್ಡೆನ್ ಬಾಂಬಿಗೆ ತುತ್ತಾಯಿತು. ಯುದ್ಧ ಪರಿಹಾರವಾಗಿ ಕಾಂಟ್ಯಾಕ್ಸಿನ ಯಂತ್ರೋಪಕರಣ, ನಕ್ಷೆ, ಉಳಿದಿದ್ದ ಬಿಡಿಭಾಗ ಎಲ್ಲವೂ ಸೋವಿಯತ್ ಪಾಲಾಗಿ, ಉಕ್ರೇನಿನ ಕೀವ್ ನಗರದ ಆರ್ಸೆನಲ್ ಕಾರ್ಖಾನೆ ಸೇರಿದವು. 1947ರಿಂದ ಅಲ್ಲಿ ಅದೇ ಕ್ಯಾಮೆರಾ ಕೀವ್ ಎಂಬ ಹೆಸರಿನಲ್ಲಿ ತಯಾರಾಯಿತು. ಸಣ್ಣಪುಟ್ಟ ಬದಲಾವಣೆಗಳೊಂದಿಗೆ 1980ರ ದಶಕದವರೆಗೂ ತಯಾರಾಗುತ್ತಲೇ ಇತ್ತು.

ಮೊದಲ ಕೀವ್‌ಗಳಲ್ಲಿ ಜರ್ಮನಿಯಿಂದ ಬಂದ ಭಾಗಗಳೂ ಇದ್ದವು. ಆ ಕಾಲದ ಕ್ಯಾಮೆರಾಗಳನ್ನು ಕಾಂಟ್ಯಾಕ್ಸಿನ ಪಕ್ಕ ಇಟ್ಟರೆ ಹೆಸರನ್ನು ಮುಚ್ಚಿ ಗುರುತಿಸುವುದು ಕಷ್ಟ. 1950ರ ದಶಕದವು ಕೂಡ ನಂಬಿಕೆಗೆ ಅರ್ಹ. ದಶಕಗಳು ಕಳೆದಂತೆ ಕ್ರೋಮಿನ ಹೊಳಪು ಇಳಿಯಿತು, ಅಕ್ಷರಗಳ ಕೊರೆತ ಒರಟಾಯಿತು, ಲಾಕುಗಳು ಸಡಿಲಾದವು. ನನ್ನ ಕೈಗೆ ಬಂದ ಕೊನೆಯ ಕಾಲದ ಕೀವ್‌ಗಳಲ್ಲಿ ಒಂದು ಸೊಗಸಾಗಿ ಓಡಿದರೆ ಮತ್ತೊಂದು ಫ್ರೇಮುಗಳ ನಡುವೆ ಸಮನಾದ ಜಾಗವನ್ನೇ ಬಿಡುತ್ತಿರಲಿಲ್ಲ. ಅದೇ ನಕ್ಷೆ, ಅದೇ ವಂಶದ ಅಚ್ಚುಗಳು. ಒಂದೇ ಹಿಟ್ಟು, ಒಂದೇ ಕಾವಲಿ ಇದ್ದರೂ ಕೈ ಬದಲಾದರೆ ದೋಸೆ ಬೇರೆಯಾಗುವಂತೆ ಇಲ್ಲಿ ಬದಲಾದದ್ದು ಅಳತೆಯ ಶಿಸ್ತು. ಅಚ್ಚುಗಳು ಸವೆದಾಗ ಬದಲಿಸುವುದು, ಅಳತೆ ತಪ್ಪಿದ ಗೇರನ್ನು ಬಿಸಾಡುವುದು, ತಿಂಗಳ ಕೊನೆಯ ಗುರಿ ಮುಟ್ಟಲೆಂದು ಅರೆಬರೆ ಕೆಲಸವನ್ನು ಹೊರಗೆ ಬಿಡದಿರುವುದು, ಇವು ಯಾವ ನಕ್ಷೆಯಲ್ಲೂ ಬರೆದಿರುವುದಿಲ್ಲ. ಕೀವ್ ಕಟ್ಟಿದವರಿಗೆ ಕೌಶಲವಿರಲಿಲ್ಲ ಎಂದಲ್ಲ. ಅಂಥ ಜಟಿಲ ಶಟರನ್ನು ಮೊದಲ ವರ್ಷಗಳಲ್ಲಿ ಅಷ್ಟು ಚೆನ್ನಾಗಿ ಕಟ್ಟಿದವರೂ ಅವರೇ. ಗಟ್ಟಿ ಲೋಹ, ಒಳ್ಳೆಯ ವಿನ್ಯಾಸ ಎರಡೂ ಇದ್ದು ಕ್ಯಾಮೆರಾ ಕೆಟ್ಟದಾಗಬಹುದು ಎಂಬುದಕ್ಕೆ ಕೊನೆಯ ಕೀವ್‌ಗಳಷ್ಟು ಒಳ್ಳೆಯ ಸಾಕ್ಷಿ ಬೇರೆ ಬೇಕಿಲ್ಲ.

ಜಪಾನಿನ ಮಾತನ್ನು ಇಲ್ಲಿ ಚಿಕ್ಕದಾಗಿ ಮುಗಿಸುತ್ತೇನೆ, ಅದಕ್ಕೆ ಬೇರೆಯದೇ ಲೇಖನ ಬೇಕು. 1957ರ ನಿಕಾನ್ ಎಸ್‌ಪಿ ಕಟ್ಟುವಿಕೆಯಲ್ಲಿ ಎಂ3ಗೆ ಹೆಗಲೆಣೆ. 1959ರ ಕ್ಯಾನನ್ ಪಿ ಅಗ್ಗದ ಬೆಲೆಗೆ ಬಂದರೂ ಅದರ ಶಟರ್ ಪರದೆ ತೆಳು ಉಕ್ಕಿನದು. ಕನ್ನಡಿಯಿಲ್ಲದ ರೇಂಜ್‌ಫೈಂಡರನ್ನು ಲೆನ್ಸ್ ಮುಚ್ಚಳವಿಲ್ಲದೆ ಬಿಸಿಲಿಗೆ ಮುಖ ಮಾಡಿ ಇಟ್ಟರೆ ಸೂರ್ಯನ ಬಿಂಬ ಬಟ್ಟೆಯ ಪರದೆಯನ್ನು ಸುಟ್ಟು ತೂತು ಮಾಡುತ್ತದೆ. ಕ್ಯಾನನ್ನಿನ ಉಕ್ಕು ಹಾಗೆ ಸುಡುವುದಿಲ್ಲ. ಬೆರಳು ತಾಗಿ ಸುಕ್ಕಾಗುತ್ತದೆ, ಆ ಸುಕ್ಕಿನಲ್ಲೂ ಸರಿಯಾಗಿ ಓಡುತ್ತದೆ. ಈ ಒಂದು ವಿಷಯದಲ್ಲಿ ಅಗ್ಗದ ಕ್ಯಾಮೆರಾವೇ ಮೇಲು. 1959ರಲ್ಲೇ ಬಂದ ನಿಕಾನ್ ಎಫ್ ಎಂಬ ಎಸ್‌ಎಲ್‌ಆರ್ ಮಾತ್ರ ಎಲ್ಲರ ಲೆಕ್ಕವನ್ನೂ ತಲೆಕೆಳಗು ಮಾಡಿತು. ಪತ್ರಿಕಾ ಛಾಯಾಗ್ರಾಹಕರು ಅತ್ತ ವಾಲಿದರು. ರೇಂಜ್‌ಫೈಂಡರ್ ಕೆಲವರ ಒಲವಿನ ಯಂತ್ರವಾಗಿ ಉಳಿಯಿತು.

ಕೆನಡಾ ಉಳಿಸಿಕೊಟ್ಟದ್ದು

ಎಂ4 ಬಂದದ್ದು 1967ರಲ್ಲಿ. ಫಿಲ್ಮ್ ತುಂಬುವುದು ಸುಲಭವಾಯಿತು, ಸುತ್ತಿ ಹಿಂದಕ್ಕೆ ತರಲು ಓರೆಯಾದ ಹಿಡಿ ಬಂತು, ಒಳಗಿನ ಕೆಲಸ ಎಂ3ರಷ್ಟೇ ಶುದ್ಧವಾಗಿ ಉಳಿಯಿತು. 1971ರ ಎಂ5 ಲೆನ್ಸಿನ ಮೂಲಕವೇ ಬೆಳಕನ್ನು ಅಳೆಯುವ ಮೀಟರನ್ನು ಹೊತ್ತುಕೊಂಡು ಬಂತು. ಅದನ್ನು ಕಟ್ಟಿದ ರೀತಿಯಲ್ಲಿ ಯಾವ ಕೊರತೆಯೂ ಇರಲಿಲ್ಲ, ವೆಟ್ಸ್‌ಲಾರ್‌ನ ಹಳೆಯ ಪದ್ಧತಿಯ ಪೂರ್ಣ ಫಲ ಅದು. ಆದರೆ ಗಾತ್ರ ಹಿಗ್ಗಿತ್ತು, ಬೆಲೆ ಏರಿತ್ತು, ಕೊಳ್ಳುವವರು ಕಡಿಮೆಯಾದರು. ಸುಮಾರು 34 ಸಾವಿರ ಮಾರಾಟವಾಗಿ 1975ರಲ್ಲಿ ನಿಂತಿತು. ಎಂ4 ಕೂಡ ನಿಂತಿತು. ಆ ಹೊತ್ತಿಗೆ ಎಂ ಸರಣಿಯ ಕಥೆ ಮುಗಿದಂತೆಯೇ ಇತ್ತು.

ಕಥೆ ಮುಂದುವರಿದದ್ದು ಕೆನಡಾದ ಆಂಟೇರಿಯೊ ಪ್ರಾಂತ್ಯದ ಮಿಡ್‌ಲ್ಯಾಂಡ್ ಎಂಬ ಚಿಕ್ಕ ಊರಿನಿಂದ. ಲೈಟ್ಸ್ ಕಂಪನಿ 1952ರಲ್ಲಿ ಅಲ್ಲೊಂದು ಕಾರ್ಖಾನೆ ತೆರೆದಿತ್ತು. ವಾಲ್ಟರ್ ಮ್ಯಾಂಡ್ಲರ್ ರೂಪಿಸಿದ ಹೆಸರಾಂತ ಲೆನ್ಸುಗಳು ಅಲ್ಲಿಯವು. ಆ ಶಾಖೆಯ ಮುಖ್ಯಸ್ಥ ವಾಲ್ಟರ್ ಕ್ಲುಕ್, ಖರ್ಚು ಇಳಿಸಿ ಎಂ ಕ್ಯಾಮೆರಾವನ್ನು ತಾವು ಮುಂದುವರಿಸುತ್ತೇವೆ ಎಂದು ಮಾತೃಸಂಸ್ಥೆಯನ್ನು ಒಪ್ಪಿಸಿದರು. 1977ರಿಂದ ಹೀಗೆ ಬಂದದ್ದೇ ಎಂ4-2.

ಖರ್ಚು ಎಲ್ಲಿ ಇಳಿಯಿತು? ಸೆಲ್ಫ್ ಟೈಮರನ್ನು ತೆಗೆದರು. ನೆತ್ತಿಯ ಮೇಲೆ ಕೈಚಳಕದ ಕೊರೆತ ಕಡಿಮೆಯಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಭಾಗವನ್ನೂ ಕೈಯಲ್ಲಿ ತಿದ್ದಿ ಒಗ್ಗಿಸುವ ಪದ್ಧತಿಯಿಂದ, ಮೊದಲೇ ಅಳತೆಗೆ ತಯಾರಾದ ಭಾಗಗಳನ್ನು ಜೋಡಿಸುವ ಪದ್ಧತಿಯ ಕಡೆಗೆ ಸರಿದರು. ಗೇರುಗಳು ಹಿತ್ತಾಳೆಯಿಂದ ಉಕ್ಕಿಗೆ ಬದಲಾದವು.

ಎಂ4-2 ಅಗ್ಗದ ಮಾಲು ಎನ್ನುವವರು ಮೊದಲು ಬೆರಳು ತೋರಿಸುವುದು ಈ ಉಕ್ಕಿನ ಗೇರುಗಳ ಕಡೆಗೆ. ಆದರೆ ಉಕ್ಕು ಹಿತ್ತಾಳೆಗಿಂತ ಗಟ್ಟಿ. ಎಂ4-2ಕ್ಕೆ ಮೋಟಾರು ಜೋಡಿಸಿ ಸೆಕೆಂಡಿಗೆ ಮೂರು ಚಿತ್ರದಂತೆ ಎಳೆಯಬಹುದಿತ್ತು. ಆ ಎಳೆತವನ್ನು ದಿನವೂ ತಾಳಿಕೊಳ್ಳಲು ಹಿತ್ತಾಳೆಯ ಹಲ್ಲಿಗೆ ಆಗದು. ಉಕ್ಕಿನ ಹಲ್ಲು ತಾನಾಗಿ ಸವೆದು ಒಗ್ಗುವುದಿಲ್ಲ, ಮೊದಲ ದಿನ ಹೇಗಿತ್ತೋ ಹಾಗೆಯೇ ಇರುತ್ತದೆ. ಬೆರಳಿಗೆ ತಾಗುವ ಆ ಸಣ್ಣ ಒರಟಿನ ಒಂದು ಕಾರಣ ಇದು, ಇನ್ನೊಂದು ಕೈ ಕೆಲಸ ಕಡಿಮೆಯಾದದ್ದು. ಮೊದಲನೆಯದು ಶಕ್ತಿ, ಎರಡನೆಯದು ನಷ್ಟ. ಎರಡನ್ನೂ ಒಟ್ಟುಹಾಕಿ ಕುಸಿತ ಎಂದು ಕರೆಯುವುದು ಅನ್ಯಾಯ. ಎಂ4-2ರ ಮೊದಲ ಕಂತುಗಳಲ್ಲಿ ತಪ್ಪುಗಳಿದ್ದವು ನಿಜ, ಆದರೆ ಸರ್ವೀಸ್ ಆಗಿ ನೆಲೆನಿಂತ ಎಂ4-2 ಒಂದು ದುಡಿಮೆಯ ಕುದುರೆ. ಒಟ್ಟು ಸುಮಾರು 17 ಸಾವಿರ ಹೊರಬಂದವು. ಅವು ಬಾರದೇ ಹೋಗಿದ್ದರೆ ಇವತ್ತು ಎಂ6 ಇಲ್ಲ, ಹಿತ್ತಾಳೆಗೆ ಮರಳಿದ ಎಂಪಿ ಇಲ್ಲ, ಡಿಜಿಟಲ್ ಎಂ ಕೂಡ ಇರುತ್ತಿರಲಿಲ್ಲ. ಆ ಕ್ಯಾಮೆರಾದ ಬಗ್ಗೆ ಹಗುರವಾಗಿ ಮಾತಾಡುವುದನ್ನು ಕೇಳಿದಾಗ ನನಗೆ ಬೇಸರವಾಗುವುದು ಇದಕ್ಕೇ.

ನಿಜವಾದ ಕುಸಿತ ಎಂದು ನಾನು ಕರೆಯುವುದು ಬೇರೆ ಎರಡನ್ನು, ಎರಡೂ 1984ರ ಎಂ6ರಲ್ಲಿ ಎದ್ದು ಕಾಣುತ್ತವೆ. ಒಂದು, ನೆತ್ತಿಯ ತಗಡು. ಹಿತ್ತಾಳೆಯ ಬದಲು ಅಚ್ಚಿನಲ್ಲಿ ಎರಕ ಹೊಯ್ದ ಸತುವಿನ ಮಿಶ್ರಲೋಹ ಬಂತು. ತಯಾರಿಸಲು ಸುಲಭ, ಕಡಿಮೆ ಖರ್ಚು, ಗಟ್ಟಿತನಕ್ಕೂ ಮೋಸವಿಲ್ಲ. ಆದರೆ ಮೇಲಿನ ಲೇಪದಲ್ಲಿ ಎಲ್ಲಾದರೂ ಸೂಕ್ಷ್ಮ ತೂತಿದ್ದರೆ ತೇವ ಒಳಗಿಳಿದು ಸತು ಕೆಡುತ್ತದೆ, ಲೇಪ ಗುಳ್ಳೆಗಳಾಗಿ ಉಬ್ಬುತ್ತದೆ. ಹಿತ್ತಾಳೆಯ ಮೇಲಿನ ಕಪ್ಪು ಬಣ್ಣ ಸವೆದರೆ ಹಳದಿ ಮಿನುಗು ಕಾಣಿಸಿಕೊಂಡು ಕ್ಯಾಮೆರಾಗೆ ಕಳೆ ಬರುತ್ತದೆ. ಸತುವಿನ ಗುಳ್ಳೆಗೆ ಮದ್ದಿಲ್ಲ.

ಎರಡನೆಯದು ಇದಕ್ಕಿಂತ ಗಂಭೀರ. ಖರ್ಚು ಉಳಿಸಲು ರೇಂಜ್‌ಫೈಂಡರಿನ ಒಳಗಿನ ಒಂದು ಪುಟ್ಟ ಗಾಜನ್ನು ಕೈಬಿಟ್ಟಿದ್ದರು. ಪರಿಣಾಮವಾಗಿ ಕೆಲವು ಕೋನಗಳಲ್ಲಿ ಬೆಳಕು ಬಿದ್ದಾಗ ಮಸುಕು ಚೌಕ ಬಿಳುಚಿಕೊಂಡು ಕಾಣದಂತಾಗುತ್ತದೆ. ಕಣ್ಣನ್ನು ಅತ್ತಿತ್ತ ಸರಿಸಿದರೆ ಮರಳಿ ಬರುತ್ತದೆ, ಅಷ್ಟರಲ್ಲಿ ಕ್ಷಣ ಕೈತಪ್ಪಿರುತ್ತದೆ. ಲೋಹ ಬದಲಾದದ್ದನ್ನು ಕ್ಷಮಿಸಬಹುದು. ಕಣ್ಣಿಗೆ ಸತ್ಯ ತೋರಿಸಬೇಕಾದ ಭಾಗದಲ್ಲೇ ಜಿಪುಣತನ ಮಾಡಿದ್ದನ್ನು ಕ್ಷಮಿಸುವುದು ನನಗೆ ಕಷ್ಟ. ಇಷ್ಟಾದರೂ ಎಂ6 ಅಚ್ಚುಮೆಚ್ಚಿನ ಕ್ಯಾಮೆರಾ ಆದದ್ದಕ್ಕೆ ಒಳ್ಳೆಯ ಕಾರಣವಿದೆ. ಎಂ5ರ ಗಾತ್ರವಿಲ್ಲದೆ ಮೀಟರು ಬಂತು, ಕಿಂಡಿಯೊಳಗೆ ಎರಡು ಕೆಂಪು ಬಾಣಗಳು ಬೆಳಕಿನ ಲೆಕ್ಕ ಹೇಳುತ್ತವೆ. ಬ್ಯಾಟರಿ ಸತ್ತರೆ ಮೀಟರು ಮಾತ್ರ ನಿಲ್ಲುತ್ತದೆ, ಶಟರಿನ ಎಲ್ಲ ವೇಗಗಳೂ ಎಂದಿನಂತೆ ಓಡುತ್ತವೆ.

ಕಂಪನಿಗೂ ತನ್ನ ತಪ್ಪು ತಿಳಿದಿತ್ತು ಅನ್ನಿಸುತ್ತದೆ. 2003ರ ಎಂಪಿ ಮಾದರಿಯಲ್ಲಿ ಹಿತ್ತಾಳೆಯ ನೆತ್ತಿ ಮರಳಿತು, ಕೈಬಿಟ್ಟಿದ್ದ ಗಾಜು ಮರಳಿತು, ಕಿಟಕಿಗಳಿಗೆ ಬೆಳಕು ಪ್ರತಿಫಲಿಸದ ಲೇಪ ಬಂತು, ಲಿವರ್ ಪೂರ್ತಿ ಲೋಹದ್ದಾಯಿತು. ರೇಂಜ್‌ಫೈಂಡರಿನ ಮಟ್ಟಿಗೆ ಇದು ಎಂ6ಕ್ಕಿಂತ ನಿಸ್ಸಂಶಯವಾಗಿ ಮೇಲು. ಚೌಕದ ಸ್ಪಷ್ಟತೆಯಲ್ಲಿ ಇಂದಿನ ಸ್ಥಿತಿಯ ಬಹುಪಾಲು ಎಂ3ಗಳಿಗಿಂತಲೂ ಮೇಲು, ಏಕೆಂದರೆ ಎಂ3ರ ಗಾಜುಗಳು ಮಬ್ಬಾಗಿವೆ. 2014ರಲ್ಲಿ ಮೀಟರೂ ಬ್ಯಾಟರಿಯೂ ಇಲ್ಲದ ಎಂ-ಎ ಬಂತು. 2022ರಲ್ಲಿ ಎಂ6 ಮತ್ತೆ ಹುಟ್ಟಿತು, ಈ ಸಲ ಸತುವಿನ ಜಾಗದಲ್ಲಿ ಹಿತ್ತಾಳೆ. ಹೊಸದು ಎಂದರೆ ಟೊಳ್ಳು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಬೆಲೆಯ ಕೆಳತುದಿಯಲ್ಲೂ ಒಂದು ಪ್ರಾಮಾಣಿಕ ಯಂತ್ರವಿತ್ತು. ಜಪಾನಿನ ಕೊಸಿನಾ ಕಂಪನಿ 2000ರಲ್ಲಿ ತಂದ ಬೆಸ್ಸಾ ಆರ್. ಹೊರಕವಚದಲ್ಲಿ ಪ್ಲಾಸ್ಟಿಕ್ಕು, ಕರ್ಕಶವಾಗಿ ಸದ್ದು ಮಾಡುವ ಶಟರ್, ರೇಂಜ್‌ಫೈಂಡರಿನ ಸೂಕ್ಷ್ಮತೆ ಸುಮಾರು 25 ಮಿ.ಮೀ., ಅಂದರೆ ಎಂ3ರ ಅರ್ಧಕ್ಕಿಂತ ಕಡಿಮೆ. ಆದರೆ ಕಿಂಡಿ ಬೆಳಗಿನ ಬಿಸಿಲಿನಷ್ಟು ತಿಳಿ, ಒಳಗೆ ಮೀಟರು. 35 ಮಿ.ಮೀ. ಲೆನ್ಸಿಗೆ ಆ ಸೂಕ್ಷ್ಮತೆ ಧಾರಾಳವಾಗಿ ಸಾಕು. 90 ಮಿ.ಮೀ. ಲೆನ್ಸನ್ನು ಪೂರ್ತಿ ತೆರೆದು ಬಳಸುವವರಿಗೆ ಸಾಲದು.

ಬಿಚ್ಚಿ ಸರಿಪಡಿಸಬಹುದೇ?

ತಲೆಮಾರುಗಳ ಹೋಲಿಕೆಯಲ್ಲಿ ಎಲ್ಲರೂ ಕೈಬಿಡುವ ಸಂಗತಿಯೊಂದಿದೆ. ಎಪ್ಪತ್ತು ವರ್ಷದ ಎಂ3 ಕೈಗೆ ಹಿತವಾಗಿದೆ ಎಂದರೆ ಆ ಹಿತ 1954ರ ಕಾರ್ಖಾನೆಯದು ಮಾತ್ರ ಅಲ್ಲ, ಅದನ್ನು ಇತ್ತೀಚೆಗೆ ಬಿಚ್ಚಿ, ಒರೆಸಿ, ಹೊಸ ಎಣ್ಣೆ ಹಾಕಿದ ರಿಪೇರಿಯವರದೂ ಹೌದು. ಯಾವ ಎಣ್ಣೆಯೂ ಎಪ್ಪತ್ತು ವರ್ಷ ಬಾಳುವುದಿಲ್ಲ. ಒಣಗಿದ ಗ್ರೀಸು ಗಟ್ಟಿ ಅಂಟಾಗುತ್ತದೆ. ಒಂದು ಸೆಕೆಂಡ್, ಅರ್ಧ ಸೆಕೆಂಡಿನ ನಿಧಾನ ವೇಗಗಳನ್ನು ನಡೆಸುವುದು ಗಡಿಯಾರದೊಳಗಿನಂಥದೇ ಗೇರುಗಳ ಸಾಲು, ಮೊದಲು ತೊದಲುವುದು ಅದು. ಬೀರುವಿನಲ್ಲಿ ಮೂವತ್ತು ವರ್ಷ ಮಲಗಿದ್ದ, ಹೊರಗೆ ಗೀರೂ ಇಲ್ಲದ ಎಂ3ಗಿಂತ, ಮೈತುಂಬ ತಗ್ಗುಗಳಿದ್ದು ಕಳೆದ ವರ್ಷ ಸರ್ವೀಸ್ ಆದ ಎಂ4-2 ನುಣುಪಾಗಿ ಓಡುತ್ತದೆ. ಈ ಎರಡನ್ನು ಹೋಲಿಸಿ ಕಾರ್ಖಾನೆಗಳ ಬಗ್ಗೆ ತೀರ್ಪು ಕೊಡುವವರು ನಿಜಕ್ಕೂ ಹೋಲಿಸುತ್ತಿರುವುದು ಎರಡು ಎಣ್ಣೆಗಳನ್ನು.

ಎಂ3ರ ನಿಜವಾದ ಹಿರಿಮೆಯನ್ನು ನಾನು ಕಾಣುವುದು ಇಲ್ಲಿ. ತಿದ್ದಿ ಕಟ್ಟಿದ ಯಂತ್ರವನ್ನು ಮತ್ತೆ ತಿದ್ದಲೂಬಹುದು. ಸ್ಕ್ರೂ ಇದೆ, ಪದರ ಇದೆ, ಎಳೆತ ಬಿಗಿಯುವ ಜಾಗ ಇದೆ. ಹರಿದ ಪರದೆಗೆ ಹೊಸ ಬಟ್ಟೆ ಅಂಟಿಸಬಹುದು, ಸವೆದ ಹಿತ್ತಾಳೆ ಗೇರನ್ನು ಲೇತಿನಲ್ಲಿ ಹೊಸದಾಗಿ ಕಡೆಯಬಹುದು. ಇದು ಎಂ4-2ಕ್ಕೂ, ಎಂ6ರ ಶಟರಿಗೂ, ಎಂಪಿಗೂ ಅನ್ವಯಿಸುತ್ತದೆ. ಶಟರಿನ ವೇಗಗಳನ್ನು ಬಹುಪಾಲು ವಿದ್ಯುತ್ತಿನಿಂದ ನಿಯಂತ್ರಿಸುವ 2002ರ ಎಂ7ಗೆ ಅನ್ವಯಿಸುವುದಿಲ್ಲ. ಅದನ್ನು ಎಷ್ಟೇ ಅಂದವಾಗಿ ಕಟ್ಟಿರಲಿ, ಒಳಗಿನ ಸರ್ಕಿಟ್ ಸತ್ತ ದಿನ ಲೇತಿನಲ್ಲಿ ಕಡೆದು ಕೂರಿಸಲು ಏನೂ ಇರುವುದಿಲ್ಲ. ತಲೆಮಾರುಗಳ ನಡುವೆ ಗೆರೆ ಎಳೆಯುವುದಾದರೆ ನಾನು ಎಳೆಯುವುದು ಅಲ್ಲಿ, ವೆಟ್ಸ್‌ಲಾರ್ ಮತ್ತು ಮಿಡ್‌ಲ್ಯಾಂಡ್ ನಡುವೆ ಅಲ್ಲ.

ನಮ್ಮ ಕಡೆ ಇಂಥ ಕ್ಯಾಮೆರಾ ಇಟ್ಟುಕೊಂಡವರಿಗೆ ಹವೆಯೇ ದೊಡ್ಡ ಪರೀಕ್ಷೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಲೆನ್ಸಿಗೆ ಬೂಸಲು ಬರುವಂತೆ ರೇಂಜ್‌ಫೈಂಡರಿನ ಗಾಜಿಗೂ ಬರುತ್ತದೆ, ಸತುವಿನ ನೆತ್ತಿಯ ಎಂ6ಗೆ ತೇವ ಇನ್ನೂ ಕೆಟ್ಟದ್ದು. ಚರ್ಮದ ಚೀಲದಲ್ಲಿ ಭದ್ರವಾಗಿಡುತ್ತೇವೆ ಎಂದುಕೊಳ್ಳುವವರು ತೇವವನ್ನು ಜೊತೆಗೇ ಕಟ್ಟಿಡುತ್ತಾರೆ, ಚರ್ಮ ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ತಿಂಗಳಿಗೊಮ್ಮೆ ಎಲ್ಲ ವೇಗಗಳಲ್ಲೂ ಶಟರ್ ಓಡಿಸುವುದು, ಇಷ್ಟು ಸಾಕು.

ಕೊಳ್ಳುವ ಮುಂಚೆ ನೋಡಬೇಕಾದದ್ದೂ ಹೆಚ್ಚಿಲ್ಲ. ಒಂದು ಸೆಕೆಂಡಿಗೆ ಡಯಲ್ ತಿರುಗಿಸಿ ಒತ್ತಿ, ಗೇರುಗಳ ಗುಂಯ್‌ಗುಡುವಿಕೆ ತಡವರಿಸದೆ ಮುಗಿಯಬೇಕು. ದೂರದ ಕಂಬವೊಂದಕ್ಕೆ ಲೆನ್ಸನ್ನು ಅನಂತಕ್ಕೆ ತಿರುಗಿಸಿದಾಗ ಎರಡು ಚಿತ್ರ ಅಡ್ಡಕ್ಕೂ ಉದ್ದಕ್ಕೂ ಕೂಡಬೇಕು. ಲೆನ್ಸ್ ತೆಗೆದು, ಹಿಂಬದಿಯ ಬಾಗಿಲು ತೆರೆದು, ಪರದೆಯನ್ನು ಬೆಳಕಿಗೆ ಹಿಡಿದರೆ ನಕ್ಷತ್ರಗಳಂಥ ಬೆಳಕಿನ ತೂತುಗಳು ಕಾಣಬಾರದು. ಎಂ3 ಆದರೆ ಮಸುಕು ಚೌಕದ ಅಂಚು ಚೂಪಾಗಿರಬೇಕು. ಎಂ6 ಆದರೆ ನೆತ್ತಿಯ ಮೇಲೆ ಬೆರಳಾಡಿಸಿ ಗುಳ್ಳೆ ಹುಡುಕಬೇಕು. ಕೀವ್ ಆದರೆ 1950ರ ದಶಕದ್ದನ್ನು ಆರಿಸಿ, ಪರೀಕ್ಷೆಗೆಂದು ಫಿಲ್ಮ್ ರೀಲೊಂದನ್ನು ಹಾಕಿ ಫ್ರೇಮುಗಳ ನಡುವಿನ ಜಾಗ ನೋಡಬೇಕು. ಇದೆಲ್ಲ ಆದ ಮೇಲೆ ಮಾರುವವರನ್ನು ಒಂದೇ ಪ್ರಶ್ನೆ ಕೇಳಿ: ಕೊನೆಯ ಸಲ ಇದನ್ನು ಬಿಚ್ಚಿದ್ದು ಯಾವಾಗ, ಯಾರು?